ಚಳಿಗೆ ಗಟ್ಟಿಯಾಗದ ಎಣ್ಣೆ: ಪೆರ್ಲ ಕಡೆಯ ಒಂದು ಕಲಬೆರಕೆ ಪ್ರಕರಣ

ಕೇರಳದ ಕಾಸರಗೋಡು ಜಿಲ್ಲೆಯಲ್ಲಿ, ಕರ್ನಾಟಕದ ಗಡಿಗೆ ಹತ್ತಿರದ ಪೆರ್ಲ ಕಡೆಯ ಒಂದು ಮನೆಯಲ್ಲಿ ನಾಲ್ಕೈದು ಹೆಂಗಸರು ಸೇರಿ ಬಾಳೆಕಾಯಿ ಚಿಪ್ಸ್ ಮಾಡಿ ಮಾರುತ್ತಾರೆ. ಕುಟುಂಬಶ್ರೀ ಗುಂಪು, ಅಂದರೆ ಕೇರಳ ಸರಕಾರದ ಯೋಜನೆಯ ಹೆಂಗಸರ ಸ್ವಸಹಾಯ ಗುಂಪು. ಒಂದು ಡಿಸೆಂಬರ್ ಬೆಳಗ್ಗೆ ಆ ಮನೆಯ ಅಕ್ಕ ತಲೆಗೆ ಹಚ್ಚಲೆಂದು ಎಣ್ಣೆ ಬಾಟಲಿ ತೆಗೆದರು. ಮನೆಯ ತೆಂಗಿನಕಾಯಿ ಒಣಗಿಸಿ ಮಿಲ್ಲಿನಲ್ಲಿ ತೆಗೆಸಿದ ಎಣ್ಣೆ ಅದು. ಚಳಿಗೆ ಬೆಳ್ಳಗೆ ಗಟ್ಟಿಯಾಗಿತ್ತು. ಪಕ್ಕದಲ್ಲೇ ಚಿಪ್ಸ್ ಕರಿಯಲು ಅಂಗಡಿಯಿಂದ ತಂದ ಎಣ್ಣೆಯ ಕ್ಯಾನ್ ಇತ್ತು. ಅದನ್ನು ಅಲ್ಲಾಡಿಸಿದರೆ ನೀರಿನಂತೆ ಕುಲುಕುತ್ತಿತ್ತು. ತಳದಲ್ಲಿ ಒಂದಿಷ್ಟು ಬಿಳಿ ಹರಳು, ಅಷ್ಟೇ.

"ಅದೇ ಅಡುಗೆಮನೆ, ಅದೇ ಚಳಿ. ಒಂದಕ್ಕೆ ಚಳಿ ಆಗ್ತದೆ, ಇನ್ನೊಂದಕ್ಕೆ ಆಗೋದಿಲ್ವಾ ಅಣ್ಣ?" ಎಂದು ಅವರು ಮುಂದೆ ನನ್ನನ್ನು ಕೇಳಿದರು. ನಾನು ಕಾಸರಗೋಡಿನಲ್ಲಿ ವಕೀಲ. ಈ ಪ್ರಕರಣದಲ್ಲಿ ನಾನು ನಿಂತದ್ದು ಅಕ್ಕನ ಪರ ಅಲ್ಲ, ಎಣ್ಣೆ ಮಾರಿದ ಅಂಗಡಿಯವರ ಪರ. ಆದರೂ ಆ ಪ್ರಶ್ನೆ ಸರಿಯಾದದ್ದು ಎಂದು ಆವತ್ತೇ ಅನಿಸಿತ್ತು. ಇಬ್ಬರ ಒಪ್ಪಿಗೆ ಪಡೆದೇ ಇದನ್ನು ಬರೆಯುತ್ತಿದ್ದೇನೆ. ಹೆಸರು, ಅಂಗಡಿಯ ಗುರುತು ಬಿಟ್ಟಿದ್ದೇನೆ.

ತೆಂಗಿನೆಣ್ಣೆ ಸುಮಾರು 24, 25 ಡಿಗ್ರಿಗೆ ಗಟ್ಟಿಯಾಗಲು ಶುರುವಾಗುತ್ತದೆ. ಕುಂಬಳೆ, ಮಂಜೇಶ್ವರದಂಥ ಕಡಲ ಬದಿಯ ಊರುಗಳಿಗಿಂತ ಪೆರ್ಲ, ಬದಿಯಡ್ಕದ ಕಡೆ ಧನುರ್ಮಾಸದ ಬೆಳಗ್ಗೆ ಚಳಿ ಜಾಸ್ತಿ. ಅಲ್ಲಿ ಗಟ್ಟಿಯಾದ ಎಣ್ಣೆ ನೋಡದ ಮನೆಯಿಲ್ಲ. ತಾಳೆ ಹಣ್ಣಿನ ಎಣ್ಣೆಯ ತೆಳು ಭಾಗವಾದ ಪಾಮೊಲಿನ್ ಹಾಗಲ್ಲ, ಆ ಚಳಿಗೆ ಅದು ಜಗ್ಗುವುದಿಲ್ಲ. ತೆಂಗಿನೆಣ್ಣೆಗೆ ಅದನ್ನು ಬೆರೆಸಿದಷ್ಟೂ ಗಟ್ಟಿಯಾಗುವುದು ತಡವಾಗುತ್ತದೆ. ಮನೆಯಲ್ಲಿ ಅನುಮಾನ ಪಡಲು ಇಷ್ಟು ಸಾಕು. ಕೇಸು ಹಾಕಲು ಸಾಲದು. ಫ್ರಿಜ್ಜಿನಲ್ಲಿಟ್ಟು ನೋಡುವ ಪರೀಕ್ಷೆಯೂ ಹಾಗೇ. ತಾಳೆ ಬೀಜದ ಒಳಗಿನ ತಿರುಳಿನಿಂದ ತೆಗೆದ ಎಣ್ಣೆ ಅಂತ ಇನ್ನೊಂದಿದೆ. ಅದನ್ನು ಬೆರೆಸಿದ್ದರೆ ಫ್ರಿಜ್ಜಿನಲ್ಲಿ ಅದೂ ಗಟ್ಟಿಯಾಗಿ ನಿಮ್ಮನ್ನು ಏಮಾರಿಸುತ್ತದೆ.

ಅಕ್ಕ ಮೊದಲು ಅಂಗಡಿಗೇ ಹೋಗಿ ಕೇಳಿದರು. "ಎಲ್ಲರೂ ತಗೊಂಡು ಹೋಗ್ತಾರೆ, ನಿಮಗೆ ಮಾತ್ರ ಎಂತ ತೊಂದರೆ?" ಎಂದು ಅಂಗಡಿಯವರು ಅಂದರಂತೆ. ಆ ಮಾತು ಅವರಿಗೆ ಬೇಸರ ತಂದಿತು. ಗುಂಪಿನ ಹೆಂಗಸರೆಲ್ಲ ಸಹಿ ಮಾಡಿ ಆಹಾರ ಸುರಕ್ಷಾ ಅಧಿಕಾರಿಗೆ ಒಂದು ಅರ್ಜಿ ಬರೆದರು. ಕನ್ನಡದಲ್ಲೇ ಬರೆದರು. ಸಂವಿಧಾನದ 350ನೇ ವಿಧಿ ಆ ಹಕ್ಕು ಕೊಟ್ಟಿದೆ ಎಂದು ಗುಂಪಿನಲ್ಲಿದ್ದ ನಿವೃತ್ತ ಟೀಚರಿಗೆ ಗೊತ್ತಿತ್ತು.

ಅವರಿಗೆ ಇನ್ನೊಂದು ದಾರಿಯೂ ಇತ್ತು. 2006ರ ಆಹಾರ ಸುರಕ್ಷೆ ಮತ್ತು ಗುಣಮಟ್ಟ ಕಾಯ್ದೆಯ 40ನೇ ಸೆಕ್ಷನ್ ಪ್ರಕಾರ ಗ್ರಾಹಕರೇ ಶುಲ್ಕ ಕಟ್ಟಿ ಸರಕಾರಿ ಫುಡ್ ಅನಲಿಸ್ಟ್ ಹತ್ತಿರ ಪರೀಕ್ಷೆ ಮಾಡಿಸಬಹುದು. ಕಲಬೆರಕೆ ಕಂಡುಬಂದರೆ ಶುಲ್ಕ ವಾಪಸ್. ಆದರೆ ಕೊಳ್ಳುವಾಗಲೇ ಅಂಗಡಿಯವರಿಗೆ "ಇದನ್ನು ಪರೀಕ್ಷೆಗೆ ಕೊಡ್ತೇನೆ" ಎಂದು ಹೇಳಬೇಕು. ಹೇಳಿದ ಮೇಲೆ ಯಾವ ಡಬ್ಬದಿಂದ ಕೊಡುತ್ತಾರೆ, ನೀವೇ ಊಹಿಸಿ. ಅದಕ್ಕೇ ಅಧಿಕಾರಿಗೆ ಬರೆದದ್ದು ಒಳ್ಳೆಯದೇ ಆಯಿತು.

ಅಧಿಕಾರಿ ಬಂದದ್ದು ಹತ್ತು ದಿನದ ನಂತರ, ಬೆಳಗ್ಗೆ ಒಂಬತ್ತಕ್ಕೆ. ಅಂಗಡಿಯಲ್ಲಿ 15 ಕೆಜಿಯ ತಗಡಿನ ಡಬ್ಬ ನಾಲ್ಕು ಇದ್ದವು. ಒಂದರ ಬಾಯಿ ಕೊರೆದು, ಅದರಿಂದ ಅಳೆದು ಕೊಡುತ್ತಿದ್ದರು. ಲೂಸ್ ಎಣ್ಣೆ ಮಾರುವುದೇ ತಪ್ಪು ಎಂದು ಎಷ್ಟೋ ಅಂಗಡಿಯವರಿಗೆ ಇವತ್ತಿಗೂ ಗೊತ್ತಿಲ್ಲ. ಡಬ್ಬದ ಮೇಲೆ ಒಡೆದ ತೆಂಗಿನಕಾಯಿಯ ದೊಡ್ಡ ಚಿತ್ರ. ಮಲಯಾಳದಲ್ಲಿ 'ವೆಳಿಚ್ಚೆಣ್ಣ', ಅಂದರೆ ತೆಂಗಿನೆಣ್ಣೆ, ಎಂದು ದಪ್ಪ ಅಕ್ಷರ. ಕೆಳಗೆ, ಕನ್ನಡಕ ಹಾಕಿದರೂ ಓದಲು ಕಷ್ಟ ಆಗುವಷ್ಟು ಸಣ್ಣದಾಗಿ, ಇಂಗ್ಲಿಷಿನಲ್ಲಿ 'ಖಾದ್ಯ ಸಸ್ಯಜನ್ಯ ಎಣ್ಣೆ' ಎಂಬ ಅರ್ಥದ ಒಂದು ಸಾಲು.

ಸ್ಯಾಂಪಲ್ ತೆಗೆದ ರೀತಿಯನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ. ಕೇಸು ನಿಲ್ಲುವುದೂ ಬೀಳುವುದೂ ಇಲ್ಲಿಯೇ. ಡಬ್ಬದ ತಳದಲ್ಲಿ ಬಿಳಿ ಹರಳು ಕೂತಿತ್ತು. ಮೇಲಿನ ತೆಳು ಎಣ್ಣೆಯನ್ನಷ್ಟೇ ಬಗ್ಗಿಸಿಕೊಂಡಿದ್ದರೆ ನಾನು ಆ ಕೇಸನ್ನು ಮೊದಲ ದಿನವೇ ಮುರಿಯುತ್ತಿದ್ದೆ. ಏಕೆಂದರೆ ತೆಂಗಿನೆಣ್ಣೆ ಅರ್ಧಂಬರ್ಧ ಗಟ್ಟಿಯಾದಾಗ ಬೇಗ ಕರಗುವ ಭಾಗ ಮೇಲೆ, ಗಟ್ಟಿ ಭಾಗ ಕೆಳಗೆ ಹೋಗುತ್ತದೆ. ಮೇಲಿನದ್ದನ್ನು ಮಾತ್ರ ಪರೀಕ್ಷಿಸಿದರೆ ಶುದ್ಧ ಎಣ್ಣೆಯ ಅಂಕಿಗಳೂ ಏರುಪೇರಾಗಬಹುದು. ಆ ಅಧಿಕಾರಿ ಹಾಗೆ ಮಾಡಲಿಲ್ಲ. ಡಬ್ಬವನ್ನು ಹೊರಗೆ ತರಿಸಿದರು. ಅಂಗಡಿಯ ಹಿಂದೆ ಅಡಿಕೆ ಒಣಹಾಕಿದ ಅಂಗಳ. ಅಲ್ಲಿ ಬಿಸಿಲಿಗೆ ಮುಕ್ಕಾಲು ಗಂಟೆ ಇಡಿಸಿದರು. ಹರಳು ಪೂರ್ತಿ ಕರಗಿದ ಮೇಲೆ ಒಣಗಿದ, ಶುಚಿಯಾದ ಉದ್ದ ಸೌಟಿನಿಂದ ತಳದವರೆಗೆ ಕಲಕಿದರು. ಆಮೇಲೆ ನಾಲ್ಕು ಬಾಟಲಿಗೆ ಸಮನಾಗಿ ತುಂಬಿದರು. ಎಣ್ಣೆಯ ಬೆಲೆ ಕೊಟ್ಟು ರಶೀದಿ ಪಡೆದರು. ಪ್ರತಿ ಬಾಟಲಿಗೂ ಕಾಗದ ಸುತ್ತಿ, ಕೋಡ್ ನಂಬರಿನ ಚೀಟಿಯನ್ನು ಕೆಳಗಿನಿಂದ ಮೇಲಿನವರೆಗೆ ಅಂಟಿಸಿ, ಅಂಗಡಿಯವರ ಸಹಿ ಅರ್ಧ ಚೀಟಿಯ ಮೇಲೆ, ಅರ್ಧ ಸುತ್ತಿದ ಕಾಗದದ ಮೇಲೆ ಬರುವಂತೆ ಹಾಕಿಸಿ, ಅರಗಿನ ಸೀಲು ಒತ್ತಿದರು. ಒಂದು ಬಾಟಲಿ ಅನಲಿಸ್ಟಿಗೆ. ಎರಡು ಆ ಅಧಿಕಾರಿಯ ಮೇಲಧಿಕಾರಿಯಾದ ಡೆಸಿಗ್ನೇಟೆಡ್ ಆಫೀಸರ್ ಹತ್ತಿರ ಜೋಪಾನ. ನಾಲ್ಕನೆಯದನ್ನು ಅಂಗಡಿಯವರು ಕೇಳಿಕೊಂಡರೆ ಅವರ ಖರ್ಚಿನಲ್ಲಿ ಮಾನ್ಯತೆ ಇರುವ ಬೇರೆ ಲ್ಯಾಬಿಗೆ ಕಳಿಸಬೇಕು. ನಮ್ಮ ಅಂಗಡಿಯವರು ಕೇಳಲಿಲ್ಲ. ಹಾಗೊಂದು ಹಕ್ಕಿದೆ ಎಂದು ಅವರಿಗೆ ತಿಳಿದೇ ಇರಲಿಲ್ಲ. ಸಹಿ ಮಾಡಿದ ಕಾಗದಗಳು ಮಲಯಾಳದಲ್ಲಿದ್ದವು. ಅವರು ಓದಿದ್ದು ಕನ್ನಡ ಮಾಧ್ಯಮದಲ್ಲಿ. ಮಲಯಾಳ ಮಾತಾಡಲು ಬರುತ್ತದೆ, ಓದಲು ಬರುವುದಿಲ್ಲ. ಗಡಿಯ ಈ ಬದಿಯಲ್ಲಿ ಇಂಥ ಸಾವಿರಾರು ಜನ ಇದ್ದೇವೆ. ಓದಲು ಬಾರದ ಕಾಗದಕ್ಕೆ ಸಹಿ ಹಾಕಿಸಿಕೊಳ್ಳುವುದು ಅಧಿಕಾರಿಯ ಕೇಸಿಗೂ ಒಳ್ಳೆಯದಲ್ಲ.

ಕಾಸರಗೋಡಿನ ಸ್ಯಾಂಪಲ್ ಹೋಗುವುದು ಕೋಝಿಕ್ಕೋಡಿನ ಪ್ರಾದೇಶಿಕ ಲ್ಯಾಬಿಗೆ. ಅನಲಿಸ್ಟ್ 14 ದಿನದೊಳಗೆ ವರದಿ ಕೊಡಬೇಕು ಎಂದು ಕಾಯ್ದೆ ಹೇಳುತ್ತದೆ. ವರದಿ ಬಂತು. ಅದರಲ್ಲಿ ಇದ್ದದ್ದು ಯಾವ ಎಣ್ಣೆ ಎಂದು ಗುರುತು ಹಿಡಿಯುವ ಮೂರು ಅಂಕಿ. ತೆಂಗಿನೆಣ್ಣೆಯ ಅಯೋಡಿನ್ ಮೌಲ್ಯ 7.5ರಿಂದ 10ರ ಒಳಗೆ ಇರಬೇಕು. ಇದರದ್ದು 30. ಸಪೋನಿಫಿಕೇಷನ್ ಮೌಲ್ಯ ಕನಿಷ್ಠ 250 ಇರಬೇಕು, ಇದ್ದದ್ದು 230. ಪೊಲೆನ್ಸ್ಕೆ ಮೌಲ್ಯ 13ಕ್ಕಿಂತ ಕಡಿಮೆ ಇರಬಾರದು, ಇದ್ದದ್ದು 8. ಪಾಮೊಲಿನ್‌ನ ಅಯೋಡಿನ್ ಮೌಲ್ಯ 55, 60ರ ಹತ್ತಿರ. ಕೂಡಿ ಕಳೆದು ನೋಡಿದರೆ ಡಬ್ಬದಲ್ಲಿ ಅರ್ಧಕ್ಕೆ ಸ್ವಲ್ಪ ಕಡಿಮೆ ಪಾಮೊಲಿನ್. ಮೂರೂ ಅಂಕಿ ಒಂದೇ ದಿಕ್ಕಿಗೆ ಬೆರಳು ತೋರಿಸಿದಾಗ ಪ್ರಯೋಗದಲ್ಲಿ ತಪ್ಪಾಗಿದೆ ಎಂದು ವಾದಿಸುವುದು ಸುಮ್ನೆ ಕಾಲಹರಣ.

ವರದಿಯ ಕೊನೆಯ ಸಾಲು: ಕಳಪೆ ಗುಣಮಟ್ಟ, ತಪ್ಪು ಲೇಬಲ್. 'ಅಸುರಕ್ಷಿತ' ಎಂಬ ಮಾತು ಇರಲಿಲ್ಲ.

ಈ ಒಂದು ಪದದ ವ್ಯತ್ಯಾಸ ಜನರಿಗೆ ಅರ್ಥವಾಗುವುದು ಕಷ್ಟ. ಅಕ್ಕನಿಗೂ ಆಗಲಿಲ್ಲ. "ಮೋಸ ಮಾಡಿದವನಿಗೆ ಜೈಲಿಲ್ವಾ?" ಎಂದರು. 1954ರ ಹಳೆಯ ಕಲಬೆರಕೆ ತಡೆ ಕಾಯ್ದೆಯಲ್ಲಿ ಕಲಬೆರಕೆ ಸಾಬೀತಾದರೆ ಸಾಮಾನ್ಯವಾಗಿ ಕನಿಷ್ಠ 6 ತಿಂಗಳ ಜೈಲು ಇತ್ತು. ಹೊಸ ಕಾಯ್ದೆ 2011ರ ಆಗಸ್ಟ್ 5ರಂದು ಪೂರ್ತಿ ಜಾರಿಗೆ ಬಂದ ಮೇಲೆ ಲೆಕ್ಕ ಬದಲಾಯಿತು. ತಿಂದರೆ ಆರೋಗ್ಯಕ್ಕೆ ಹಾನಿ ಎಂದು ತೋರಿಸಿದರೆ ಮಾತ್ರ 59ನೇ ಸೆಕ್ಷನ್, ಜೈಲು, ಮ್ಯಾಜಿಸ್ಟ್ರೇಟ್ ಕೋರ್ಟು. ಸಾವು ಸಂಭವಿಸಿದರೆ ಕನಿಷ್ಠ 7 ವರ್ಷದಿಂದ ಜೀವಾವಧಿಯವರೆಗೆ. ಹಾನಿ ಇಲ್ಲದ ಕಳಪೆ ಆಹಾರಕ್ಕೆ 5 ಲಕ್ಷದವರೆಗೆ ದಂಡ, ತಪ್ಪು ಲೇಬಲ್‌ಗೆ 3 ಲಕ್ಷದವರೆಗೆ. ಅದನ್ನು ವಿಚಾರಿಸುವುದು ಕೋರ್ಟಲ್ಲ, ಅದಕ್ಕೆಂದೇ ನೇಮಿಸಿದ ಕಂದಾಯ ಇಲಾಖೆಯ ಹಿರಿಯ ಅಧಿಕಾರಿ. 1998ರಲ್ಲಿ ದೆಹಲಿಯಲ್ಲಿ ಸಾಸಿವೆ ಎಣ್ಣೆಗೆ ದತ್ತೂರಿಯಂಥ ಮುಳ್ಳುಗಿಡದ, ಅಂದರೆ ಆರ್ಜಿಮೋನ್ ಬೀಜದ ಎಣ್ಣೆ ಸೇರಿ, ಮೈ ಊದಿಕೊಂಡು ಹತ್ತಾರು ಜನ ಸತ್ತರು. ಅದು ಅಸುರಕ್ಷಿತ. ಪಾಮೊಲಿನ್ ಹಾಗಲ್ಲ, ಅದನ್ನು ದಿನಾ ತಿನ್ನುವವರಿದ್ದಾರೆ. ಇಲ್ಲಿ ಆದದ್ದು ಹೊಟ್ಟೆಗೆ ವಿಷ ಹಾಕಿದ್ದಲ್ಲ, ಜೇಬಿಗೆ ಕೈ ಹಾಕಿದ್ದು. ಐಪಿಸಿ (2024ರ ಜುಲೈಯಿಂದ ಅದರ ಜಾಗದಲ್ಲಿ ಭಾರತೀಯ ನ್ಯಾಯ ಸಂಹಿತೆ) ಸೆಕ್ಷನ್ ಹಾಕಿ ಪೊಲೀಸ್ ಕೇಸು ಮಾಡಬಹುದಲ್ವಾ ಎಂದು ಕೆಲವರು ಕೇಳುತ್ತಾರೆ. ಆಹಾರ ಕಾಯ್ದೆಯೇ ಮೇಲು, ಎರಡೂ ಕಡೆ ಶಿಕ್ಷೆ ಸಲ್ಲದು ಎಂದು ಸುಪ್ರೀಂ ಕೋರ್ಟ್ 2024ರಲ್ಲಿ ಹೇಳಿಯಾಗಿದೆ.

ಜೈಲಿಲ್ಲದ್ದು ತಪ್ಪು ಎಂದು ನನಗೆ ಅನಿಸುವುದಿಲ್ಲ. ನನ್ನ ಸಿಟ್ಟು ಬೇರೆಯದರ ಮೇಲೆ.

ವರದಿ ಕೈಗೆ ಸಿಕ್ಕ ದಿನದಿಂದ 30 ದಿನದೊಳಗೆ ಅಪೀಲು ಹಾಕಬಹುದು. ಆಗ ಜೋಪಾನವಾಗಿಟ್ಟ ಬಾಟಲಿಯನ್ನು ರೆಫರಲ್ ಲ್ಯಾಬಿಗೆ ಕಳಿಸುತ್ತಾರೆ. ಮೈಸೂರಿನ ಆಹಾರ ತಂತ್ರಜ್ಞಾನ ಸಂಶೋಧನಾ ಸಂಸ್ಥೆ ಸಿಎಫ್‌ಟಿಆರ್‌ಐ ಅಂಥದೊಂದು ಲ್ಯಾಬು. ಅಲ್ಲಿಂದ ಬಂದದ್ದೇ ಕೊನೆಯ ಮಾತು. ಅಂಗಡಿಯವರು ನನ್ನ ಹತ್ತಿರ ಬಂದದ್ದು ಆ 30 ದಿನದಲ್ಲಿ 11 ದಿನ ಕಳೆದ ಮೇಲೆ. "ವಕೀಲ್ರೇ, ಮೈಸೂರಿಗೆ ಕಳಿಸುವ. ನಾನು ಒಂದು ತೊಟ್ಟು ಬೆರೆಸಿದ್ದಿಲ್ಲ. ಬಂದ ಡಬ್ಬ ಬಂದ ಹಾಗೆ ಮಾರಿದ್ದು" ಎಂದರು. ಅವರ ಕಣ್ಣಲ್ಲಿ ನೀರಿತ್ತು. ಮೂವತ್ತು ವರ್ಷದಿಂದ ಅದೇ ಪೇಟೆಯಲ್ಲಿ ಅಂಗಡಿ ಇಟ್ಟವರು. ಊರಿನ ಮದುವೆ, ತಿಥಿಗೆಲ್ಲ ಸಾಮಾನು ಸಾಲ ಕೊಟ್ಟವರು.

ನಾನು ಕೇಳಿದ್ದು ಒಂದೇ. "ಡಬ್ಬದ ಬಿಲ್ ಎಲ್ಲಿ?"

ಅವರು ಮೇಜಿನ ಮೇಲೆ ಒಂದು ಚೀಟಿ ಇಟ್ಟರು. ನೋಟ್ ಪುಸ್ತಕದಿಂದ ಹರಿದ ಹಾಳೆ. ಪೆನ್ಸಿಲಿನಲ್ಲಿ '15 x 8' ಎಂದು ಬರೆದು ಕೆಳಗೆ ಮೊತ್ತ. ಕಂಪನಿಯ ಹೆಸರಿಲ್ಲ, ಜಿಎಸ್‌ಟಿ ನಂಬರಿಲ್ಲ, ತಾರೀಖೂ ಇಲ್ಲ. ವಾರಕ್ಕೊಮ್ಮೆ ಕಲ್ಲಡ್ಕ ಚೆರ್ಕಳ ರಸ್ತೆಯಲ್ಲಿ ಒಂದು ವ್ಯಾನ್ ಬರುತ್ತದೆ, ಡಬ್ಬ ಇಳಿಸಿ ಹಣ ತೆಗೆದುಕೊಂಡು ಹೋಗುತ್ತದೆ. ಬಿಲ್ ಕೇಳಿದರೆ ರೇಟು ಜಾಸ್ತಿ. ಎಲ್ಲ ಅಂಗಡಿಯವರೂ ಹಾಗೇ ತೆಗೆದುಕೊಳ್ಳುತ್ತಾರೆ.

ಆ ಚೀಟಿ ಲ್ಯಾಬಿನ ವರದಿಗಿಂತ ಅಪಾಯದ್ದು. ಕಾಯ್ದೆಯ 27ನೇ ಸೆಕ್ಷನ್, ಸರಕು ತಯಾರಿಸಿದವರು, ಸಗಟು ಮಾರಿದವರು, ಅಂಗಡಿಯವರು ಯಾರ್‍ಯಾರು ಯಾವುದಕ್ಕೆ ಹೊಣೆ ಎಂದು ಬೇರೆಬೇರೆಯಾಗಿ ಹೇಳುತ್ತದೆ. ಅದರಲ್ಲಿ ಅಂಗಡಿಯವರ ಪಾಲಿಗೆ ಒಂದು ಮಾತಿದೆ: ಸರಕು ಎಲ್ಲಿಂದ ಬಂತೆಂದು ತೋರಿಸಲಾಗದಿದ್ದರೆ ಹೊಣೆ ಅವರದೇ. ಮಾರುವವರು ಅಂಗಡಿಗೆ ಬಿಲ್ಲಿನ ಮೇಲೋ ಪ್ರತ್ಯೇಕವಾಗಿಯೋ ಫಾರ್ಮ್ ಇ ಎಂಬ ಗ್ಯಾರಂಟಿ ಕೊಡಬೇಕು ಎಂದು ನಿಯಮ ಇದೆ. ಅದು ಕೈಯಲ್ಲಿದ್ದು, ಎಚ್ಚರದಿಂದ ನಡೆದುಕೊಂಡಿದ್ದೇನೆ ಎಂದು ತೋರಿಸಿದರೆ 80ನೇ ಸೆಕ್ಷನ್ ರಕ್ಷಣೆ ಕೊಡುತ್ತದೆ. ಪೆನ್ಸಿಲ್ ಚೀಟಿ ಯಾವ ರಕ್ಷಣೆಯನ್ನೂ ಕೊಡುವುದಿಲ್ಲ.

ಡಬ್ಬದ ಮೇಲಿನ ಲೈಸೆನ್ಸ್ ನಂಬರ್ ನೋಡಿದೆವು. 14 ಅಂಕಿಯ ಆ ನಂಬರಿನಲ್ಲಿ ಎರಡನೆಯ ಮತ್ತು ಮೂರನೆಯ ಅಂಕಿ ರಾಜ್ಯದ ಗುರುತು. ಕೇರಳಕ್ಕೆ 13, ಕರ್ನಾಟಕಕ್ಕೆ 12, ತಮಿಳುನಾಡಿಗೆ 24. ಡಬ್ಬದಲ್ಲಿದ್ದ ವಿಳಾಸ ಕೇರಳದ್ದು, ನಂಬರ್ ಹೊರರಾಜ್ಯದ್ದು. ಆಹಾರ ಪ್ರಾಧಿಕಾರದ ಪೋರ್ಟಲಿನಲ್ಲಿ ಹಾಕಿ ನೋಡಿದರೆ ಅದು ಯಾವುದೋ ಬೇಕರಿಯ, ಅವಧಿ ಮುಗಿದ ಲೈಸೆನ್ಸ್. ಇಷ್ಟನ್ನು ಮೊಬೈಲಿನಲ್ಲಿ ಎರಡು ನಿಮಿಷದಲ್ಲಿ ಯಾರು ಬೇಕಾದರೂ ನೋಡಬಹುದು.

ಅಪೀಲು ಬೇಡ ಎಂದು ನಾನು ಹೇಳಿದೆ. ನಮ್ಮ ವೃತ್ತಿಯಲ್ಲಿ ಇಂಥ ಕೇಸು ಬಂದರೆ ಮೊದಲು ಕಾಲ ಎಳೆಯುವುದು, ಆಮೇಲೆ ಕಾಗದದ ತಪ್ಪು ಹುಡುಕುವುದು ರೂಢಿ. ತಪ್ಪು ಸಿಗುತ್ತದೆ ಕೂಡ. ಹಳೆಯ ಕಾಯ್ದೆಯ ಒಂದು ಕೇಸಿನಲ್ಲಿ ವರದಿಯನ್ನು ಅಂಚೆಗೆ ಹಾಕಿದರೆ ಸಾಲದು, ಆರೋಪಿಯ ಕೈ ಸೇರಿದ್ದು ತೋರಿಸಬೇಕು ಎಂದು 2021ರಲ್ಲಿ ಸುಪ್ರೀಂ ಕೋರ್ಟ್ ಬಿಡುಗಡೆ ಮಾಡಿದ್ದುಂಟು. ನಮ್ಮ ಕೇಸಿನಲ್ಲಿ ಮಲಯಾಳದ ಮಹಜರು ಹಿಡಿದು ಜಗ್ಗಬಹುದಿತ್ತು. ಆದರೆ ಹಾಗೆ ಗೆದ್ದಿದ್ದರೆ ಏನಾಗುತ್ತಿತ್ತು? ಮುಂದಿನ ವಾರ ಅದೇ ವ್ಯಾನ್, ಅದೇ ಡಬ್ಬ. ಅಂಗಡಿಯವರಿಗೆ ಇದನ್ನು ಒಪ್ಪಿಸಲು ಎರಡು ಸಂಜೆ ಬೇಕಾಯಿತು. ಕೊನೆಗೆ ಒಪ್ಪಿಸಿದ್ದು ನಾನಲ್ಲ, ಅವರ ಮಗಳು. "ಅಪ್ಪ, ಹೆಸರು ಹೇಳದಿದ್ರೆ ಬೆರೆಸಿದ್ದು ನೀವೇ ಅಂತ ಬರೀತಾರೆ" ಎಂದಳು.

ದಾರಿ ತೋರಿಸಿದ್ದೂ ಅವಳೇ. ವ್ಯಾನಿನವನಿಗೆ ಅಪ್ಪ ಕೆಲವು ಸಲ ನೋಟು ಕೊಟ್ಟಿದ್ದರೂ, ಹೆಚ್ಚಿನ ಸಲ ಫೋನಿನಲ್ಲಿ ಯುಪಿಐ ಮಾಡಿದ್ದರು. ಬ್ಯಾಂಕಿನ ಸ್ಟೇಟ್‌ಮೆಂಟ್ ತೆಗೆಸಿದೆವು. ಎಂಟು ತಿಂಗಳಲ್ಲಿ 31 ಪಾವತಿ, ಎಲ್ಲವೂ ಒಂದೇ ಖಾತೆಗೆ. ಖಾತೆ ಇದ್ದದ್ದು ವ್ಯಾನ್ ಚಾಲಕನ ಹೆಸರಿನಲ್ಲಲ್ಲ, ಜಿಲ್ಲೆಯ ಒಬ್ಬ ಸಗಟು ವ್ಯಾಪಾರಿಯ ಫರ್ಮಿನ ಹೆಸರಿನಲ್ಲಿ. ಪೆನ್ಸಿಲ್ ಚೀಟಿ ಮುಚ್ಚಿಟ್ಟದ್ದನ್ನು ಬ್ಯಾಂಕಿನ ಹಾಳೆ ಬಿಚ್ಚಿಟ್ಟಿತು. ಅದನ್ನು ಒಂದು ಅಫಿಡವಿಟ್ ಜೊತೆ ಅಧಿಕಾರಿಗೆ ಕೊಟ್ಟೆವು.

ಅಧಿಕಾರಿ ಆ ಗೋದಾಮಿಗೆ ಹೋದರು. ಅಲ್ಲಿ ಅದೇ ಚಿತ್ರದ ಡಬ್ಬಗಳು, ಅದೇ ಎಣ್ಣೆಯ ಪ್ಯಾಕೆಟ್ಟುಗಳು ಬೇರೆ ಹೆಸರಿನಲ್ಲಿ, ಮೂಲೆಯಲ್ಲಿ 'ದೀಪದ ಎಣ್ಣೆ' ಎಂದು ಚೀಟಿ ಹಚ್ಚಿದ ಇನ್ನೊಂದು ರಾಶಿ. ತಿನ್ನಲಿಕ್ಕಲ್ಲ ಎಂದು ಬರೆದರೆ ಆಹಾರ ಕಾಯ್ದೆಯಿಂದ ತಪ್ಪಿಸಿಕೊಳ್ಳಬಹುದು ಎಂಬ ಲೆಕ್ಕ. ಹೆಸರು ಬದಲಾಯಿಸುವುದು ಈ ದಂಧೆಯಲ್ಲಿ ಹಳೆಯ ಚಾಳಿ. ಕೇರಳ ಸರಕಾರ 2018ರ ಮೇ ಕೊನೆಗೆ 45 ಬ್ರಾಂಡ್ ತೆಂಗಿನೆಣ್ಣೆ ನಿಷೇಧಿಸಿತು. ಡಿಸೆಂಬರಿನಲ್ಲಿ ಮತ್ತೆ 74 ಬ್ರಾಂಡ್. ನಿಷೇಧ ಆಗುವುದು ಹೆಸರಿಗೆ, ಎಣ್ಣೆಗೆ ಅಲ್ಲ. ಮರುದಿನ ಹೊಸ ಹೆಸರಿನ ಪ್ಯಾಕೆಟ್ ಅಚ್ಚು ಹಾಕಿಸಲು ಎಷ್ಟು ಖರ್ಚು?

ಗೋದಾಮಿನ ಸ್ಯಾಂಪಲೂ ಫೇಲಾಯಿತು. ಅಂಗಡಿಯ ಕೇಸನ್ನೂ ಗೋದಾಮಿನ ಕೇಸನ್ನೂ ಕಂದಾಯ ಇಲಾಖೆಯ ಆ ವಿಚಾರಣಾಧಿಕಾರಿ ಒಟ್ಟಿಗೆ ತೆಗೆದುಕೊಂಡರು. ಸಗಟು ವ್ಯಾಪಾರಿಯ ವಕೀಲರ ವಾದ: ನಾವು ಮಾರಿದ್ದು ತೆಂಗಿನೆಣ್ಣೆ ಅಂತಲ್ಲ, ಬ್ಲೆಂಡೆಡ್ ಎಣ್ಣೆ. ಬೆರಕೆ ಎಣ್ಣೆ ಮಾರಲು ಕಾನೂನಿನಲ್ಲಿ ಅವಕಾಶ ಇದೆ ನಿಜ. ಆದರೆ ಬೆರೆಸಿದ ಪ್ರತಿ ಎಣ್ಣೆಯೂ ತೂಕದಲ್ಲಿ ಕನಿಷ್ಠ ಶೇಕಡಾ 20 ಇರಬೇಕು, ಯಾವುದು ಎಷ್ಟು ಎಂದು ಲೇಬಲಿನಲ್ಲಿ ಬರೆಯಬೇಕು, ಅಗ್‌ಮಾರ್ಕ್ ಎಂಬ ಸರಕಾರಿ ಗುಣಮುದ್ರೆಯೂ ಆಗ ಇರಲೇಬೇಕಿತ್ತು. ಡಬ್ಬದ ಮೇಲೆ ಇದ್ದದ್ದು ತೆಂಗಿನಕಾಯಿ ಒಂದೇ. ವಿಚಾರಣಾಧಿಕಾರಿ ಖಾಲಿ ಡಬ್ಬವನ್ನು ಮೇಜಿನ ಮೇಲೆ ಇಡಿಸಿ, ಆ ಸಣ್ಣ ಇಂಗ್ಲಿಷ್ ಸಾಲನ್ನು ಓದಿ ಹೇಳಿ ಎಂದು ಆ ವಕೀಲರಿಗೇ ಹೇಳಿದರು. ಅವರು ಡಬ್ಬವನ್ನು ಕಿಟಕಿಯ ಹತ್ತಿರ ಎತ್ತಿಕೊಂಡು ಹೋಗಬೇಕಾಯಿತು.

ನನ್ನ ಕಕ್ಷಿದಾರರನ್ನೂ ಅವರು ಸುಮ್ನೆ ಬಿಡಲಿಲ್ಲ. ಬಿಡಬಾರದಿತ್ತು ಕೂಡ. "ನಿಮಗೆ ಗೊತ್ತೇ ಇರಲಿಲ್ವಾ?" ಎಂದು ಕೇಳಿದರು. ಆ ದಿನಗಳಲ್ಲಿ ಕೊಪ್ಪರ ಕೆಜಿಗೆ 125 ರೂಪಾಯಿ. ಒಂದು ಕೆಜಿ ಎಣ್ಣೆಗೆ ಒಂದೂವರೆ ಕೆಜಿಗಿಂತ ಜಾಸ್ತಿ ಕೊಪ್ಪರ ಬೇಕು. ಕೊಪ್ಪರಕ್ಕೇ 190 ದಾಟುತ್ತದೆ. ಹಿಂಡಿ ಮಾರಿ ಬರುವ ಹತ್ತಿಪ್ಪತ್ತು ರೂಪಾಯಿ ಕಳೆಯಿರಿ, ಮಿಲ್ಲಿನ ಕೂಲಿ, ಸಾಗಾಟ ಸೇರಿಸಿ. ವ್ಯಾನಿನವನು ಕೊಡುತ್ತಿದ್ದದ್ದು ಕೆಜಿಗೆ 150ಕ್ಕೆ. ತೆಂಗು ಬೆಳೆಯುವ ಊರಿನಲ್ಲಿ, ತೆಂಗು, ಅಡಿಕೆಯಂಥ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆ ಸಿಪಿಸಿಆರ್‌ಐ ಇರುವ ಜಿಲ್ಲೆಯಲ್ಲಿ, ಮೂವತ್ತು ವರ್ಷ ವ್ಯಾಪಾರ ಮಾಡಿದವರಿಗೆ ಈ ಲೆಕ್ಕ ಬಾರದೇ? ಅವರು ತಲೆ ತಗ್ಗಿಸಿ, "ಗೊತ್ತಾಗಬೇಕಿತ್ತು ಸಾರ್" ಎಂದರು. ಆ ಉತ್ತರ ನಾನು ಹೇಳಿಕೊಟ್ಟದ್ದಲ್ಲ.

ದಂಡ ಎಷ್ಟು ಎಂದು ತೀರ್ಮಾನಿಸುವಾಗ ಮೋಸದಿಂದ ಸಿಕ್ಕ ಲಾಭ, ಜನರಿಗಾದ ನಷ್ಟ, ಮತ್ತೆ ಮತ್ತೆ ಮಾಡಿದ್ದಾರಾ, ಗೊತ್ತಿಲ್ಲದೆ ಆದದ್ದಾ ಎಂಬುದನ್ನೆಲ್ಲ ನೋಡಬೇಕು ಎಂದು 49ನೇ ಸೆಕ್ಷನ್ ಹೇಳುತ್ತದೆ. ಅಂಗಡಿಯವರಿಗೆ 20,000 ರೂಪಾಯಿ. ಸಗಟು ವ್ಯಾಪಾರಿಗೆ 3 ಲಕ್ಷ. ಕಟ್ಟದಿದ್ದರೆ ಭೂಕಂದಾಯ ಬಾಕಿಯಂತೆ ವಸೂಲಿ, ಕಟ್ಟುವ ತನಕ ಲೈಸೆನ್ಸ್ ಅಮಾನತು. ಅಂಗಡಿಯವರು ಮರುವಾರವೇ ಕಟ್ಟಿದರು. ಸಗಟು ವ್ಯಾಪಾರಿ ಟ್ರಿಬ್ಯೂನಲಿಗೆ ಹೋದರು. ಅದು ಇನ್ನೂ ಮುಗಿದಿಲ್ಲ.

ಬೆರೆಸಿದ ಕೈ ಯಾವುದು? ಸಗಟು ವ್ಯಾಪಾರಿ ತೋರಿಸಿದ್ದು ಹೊರರಾಜ್ಯದ ಒಂದು ಪ್ಯಾಕಿಂಗ್ ಘಟಕವನ್ನು. ನಮ್ಮ ಜಿಲ್ಲೆಯ ಅಧಿಕಾರಿಯ ಕೈ ಅಲ್ಲಿಗೆ ಚಾಚುವುದಿಲ್ಲ. ಅಲ್ಲಿನ ಇಲಾಖೆಗೆ ಪತ್ರ ಬರೆದರು, ವರದಿಯ ನಕಲು ಕಳಿಸಿದರು. ನಾನು ಎರಡು ಸಲ ನೆನಪಿನೋಲೆ ಬರೆಸಿದೆ. ಉತ್ತರ ಬಂದಿಲ್ಲ. ನನ್ನ ಸಿಟ್ಟು ಎಂದೆನಲ್ಲ, ಅದು ಇದರ ಮೇಲೆ. ಲಾರಿ ತಲಪಾಡಿಯಲ್ಲೋ ಸಾರಡ್ಕದಲ್ಲೋ ಗಡಿ ದಾಟಲು ಒಂದು ನಿಮಿಷ ಸಾಕು. ಕಾಗದ ದಾಟಲು ವರ್ಷ ಸಾಲುವುದಿಲ್ಲ. ಅಷ್ಟರಲ್ಲಿ ದಂಡ ಕಟ್ಟುವವರು ಪೇಟೆಯ ಸಣ್ಣ ಅಂಗಡಿಯವರು, ಎಣ್ಣೆ ತಿನ್ನುವವರು ನಾವು.

ಅಕ್ಕನ ಗುಂಪು ಈಗ ತಾವೇ ಕೊಪ್ಪರ ಕೊಂಡು ಮಿಲ್ಲಿನಲ್ಲಿ ಎಣ್ಣೆ ತೆಗೆಸುತ್ತದೆ. ಚಿಪ್ಸಿನ ಬೆಲೆ ಏರಿಸಬೇಕಾಯಿತು. ಬೇರೆ ಸಾಮಾನಿಗೆ ಅವರು ಅದೇ ಅಂಗಡಿಗೆ ಹೋಗುತ್ತಾರೆ, ಮಾತುಕತೆ ಇದೆ. ಅಂಗಡಿಯವರು ಗಲ್ಲಾಪೆಟ್ಟಿಗೆಯ ಪಕ್ಕ ಒಂದು ಕಂಬಿಗೆ ಬಿಲ್ಲುಗಳನ್ನು ಚುಚ್ಚಿಡುತ್ತಾರೆ. ತೀರ್ಪಿನ ಎರಡು ವಾರದ ನಂತರ ಆ ವ್ಯಾನ್ ಮತ್ತೆ ಬಂದಿತ್ತಂತೆ, ಬೇರೆ ಚಾಲಕ, ಡಬ್ಬಕ್ಕೆ ಬೇರೆ ಹೆಸರು. "ಬಿಲ್ ಕೊಡು, ಗ್ಯಾರಂಟಿ ಬರೆದು ಕೊಡು, ಇಳಿಸು" ಎಂದರಂತೆ. ಅವನು ಇಳಿಸಲಿಲ್ಲ. ಆಮೇಲೆ ಆ ವ್ಯಾನ್ ಅವರ ಅಂಗಡಿಯ ಮುಂದೆ ನಿಂತಿಲ್ಲ. ಮುಂದಿನ ತಿರುವಿನ ಅಂಗಡಿಯ ಮುಂದೆ ನಿಲ್ಲುತ್ತದೆ. ಅದರ ನಂಬರನ್ನೂ ಡಬ್ಬದ ಫೋಟೋವನ್ನೂ ಅವರ ಮಗಳು ಅಧಿಕಾರಿಗೆ ಕಳಿಸಿದ್ದಾಳೆ.